ನಿಮಗಿದು ಗೊತ್ತೇ? ಒಂದೇ ಮಾತ್ರೆ, ಹಲವು ಹರಳು!

ಜ್ವರ ಬಂದರೆ, ತಲೆ ಸಿಡಿದರೆ, ಮೈಕೈ ನೋವಾದರೆ ನಮ್ಮ ಕೈ ಮೊದಲು ಹೋಗುವುದು ಪ್ಯಾರಾಸಿಟಮಾಲ್ ಮಾತ್ರೆಯ ಕಡೆಗೆ. ಅದರ ಒಂದು ಅಣುವಿನಲ್ಲಿ ಎಷ್ಟು ಪರಮಾಣುಗಳಿವೆ ಹೇಳಿ ನೋಡೋಣ? ಬರೀ 20! ಇಂಗಾಲ 8, ಜಲಜನಕ 9, ಸಾರಜನಕ 1, ಆಮ್ಲಜನಕ 2. ಇಷ್ಟೇ ಇಷ್ಟು ಅಣು ವಿಜ್ಞಾನಿಗಳನ್ನು ದಶಕಗಟ್ಟಲೆ ಆಟ ಆಡಿಸಿದೆ!

ಅಣು ಪುಟ್ಟದು, ಸಂಖ್ಯೆ ಮಾತ್ರ ಪುಟ್ಟದಲ್ಲ. 650 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಅಣುಗಳು ಎಷ್ಟು? 26 ಬರೆದು ಅದರ ಮುಂದೆ 20 ಸೊನ್ನೆ ಹಾಕಿ. ಹೆಚ್ಚೂಕಡಿಮೆ ಅಷ್ಟು! ಅಂದಹಾಗೆ, ಕೊರೊನಾ ಕಾಲದಲ್ಲಿ ಇಡೀ ದೇಶದ ಬಾಯಲ್ಲಿ ನಲಿದಾಡಿದ ಡೋಲೋ 650 ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿಯದು!

ಈ ಅಣುಗಳು ಒಂದರ ಪಕ್ಕ ಒಂದು ಶಿಸ್ತಾಗಿ ಕೂತಾಗ ಹರಳಾಗುತ್ತದೆ. ವಿಚಿತ್ರ ಇರುವುದೇ ಇಲ್ಲಿ. ಕೂರುವ ಕ್ರಮ ಒಂದೇ ಅಲ್ಲ! ಹೀಗೂ ಕೂರಬಹುದು, ಹಾಗೂ ಕೂರಬಹುದು. ಅಣು ಅದೇ, ಔಷಧ ಅದೇ, ಹರಳು ಮಾತ್ರ ಬೇರೆ. ಇದಕ್ಕೆ ಬಹುರೂಪತೆ ಎನ್ನುತ್ತಾರೆ. ವಜ್ರವೂ ಇಂಗಾಲವೇ, ಪೆನ್ಸಿಲ್ ಕಡ್ಡಿಯ ಗ್ರಾಫೈಟೂ ಇಂಗಾಲವೇ ಅಲ್ಲವೇ? ಅಂಥದೇ ಮಾಯೆ ನಿಮ್ಮ ಮನೆಯ ಔಷಧಿ ಡಬ್ಬಿಯೊಳಗೂ ಇದೆ!

ಪ್ಯಾರಾಸಿಟಮಾಲ್‌ನ ಒಂದನೇ ರೂಪ ಸುಮಾರು 169 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ನೀರಾಗುತ್ತದೆ. ಎರಡನೇ ರೂಪಕ್ಕೆ ಅಷ್ಟು ಬಿಸಿ ಬೇಕಿಲ್ಲ, ಸುಮಾರು 157 ಡಿಗ್ರಿ ಸಾಕು. ಒಂದೇ ವಸ್ತು, ಕರಗುವ ಉಷ್ಣಾಂಶದಲ್ಲಿ 12 ಡಿಗ್ರಿ ವ್ಯತ್ಯಾಸ! ಕೂತ ಕ್ರಮ ಬದಲಾಗಿದ್ದಕ್ಕೆ ಇಷ್ಟು!

ಇನ್ನೊಂದು ಸೋಜಿಗ ಕೇಳಿ. ಅಣುಗಳು ಒತ್ತೊತ್ತಾಗಿ ಕೂತಷ್ಟೂ ಹರಳು ಗಟ್ಟಿಮುಟ್ಟು, ಸ್ಥಿರ ಎಂದು ನಮಗೆಲ್ಲ ಅನ್ನಿಸುತ್ತದೆ. ಪ್ಯಾರಾಸಿಟಮಾಲ್‌ನಲ್ಲಿ ಇದು ಉಲ್ಟಾ! ಒಂದನೇ ರೂಪದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.29 ಗ್ರಾಂ. ಎರಡನೆಯದು ಸುಮಾರು 1.33 ಗ್ರಾಂ. ಹೆಚ್ಚು ಒತ್ತಾಗಿರುವುದು ಎರಡನೆಯದು. ಆದರೂ ಸ್ಥಿರವಾಗಿ ನಿಲ್ಲುವುದು ಮೊದಲನೆಯದೇ!

ನೀವು ನುಂಗುವ ಮಾತ್ರೆಯಲ್ಲಿ ಯಾವ ರೂಪ ಇರುತ್ತದೆ? ಒಂದನೆಯದು. ಅಂಗಡಿಯಲ್ಲಿ ಸಿಗುವುದೆಲ್ಲ ಅದೇ. ಅದು ನಂಬಿಗಸ್ತ. ಎಷ್ಟು ದಿನ ಇಟ್ಟರೂ ತಾನೇತಾನಾಗಿ ಬೇರೆ ರೂಪಕ್ಕೆ ತಿರುಗುವುದಿಲ್ಲ.

ಆದರೆ ಈ ನಂಬಿಗಸ್ತನಿಗೆ ಒಂದು ಹಟ ಇದೆ. ಅದರ ಪುಡಿಯನ್ನು ಯಂತ್ರದಲ್ಲಿ ಒತ್ತಿದರೆ ಸರಿಯಾಗಿ ಮಾತ್ರೆಯಾಗುವುದೇ ಇಲ್ಲ! ಒತ್ತಿದಾಗ ಕುಗ್ಗುತ್ತದೆ, ಬಿಟ್ಟಾಗ ಮತ್ತೆ ಹಿಗ್ಗುತ್ತದೆ. ಮಾತ್ರೆಯ ನೆತ್ತಿಯೇ ಕಳಚಿಕೊಂಡು ಬರುತ್ತದೆ. ಕಾರ್ಖಾನೆಯವರು ಇದಕ್ಕೆ ‘ಕ್ಯಾಪಿಂಗ್’ ಎನ್ನುತ್ತಾರೆ. ಅದಕ್ಕೇ ಪಿಷ್ಟದ ಗಂಜಿಯಂಥ ಅಂಟುಗಳನ್ನು ಸೇರಿಸಿ, ಪುಡಿಯನ್ನು ಒದ್ದೆ ಮಾಡಿ, ಕಾಳುಕಾಳು ಮಾಡಿ, ಒಣಗಿಸಿ, ಆಮೇಲೆ ಒತ್ತುವುದು ರೂಢಿ. ಮಾತ್ರೆಯ ಪಟ್ಟಿಯ ಹಿಂದೆ ಇಷ್ಟೆಲ್ಲ ಅಡುಗೆ!

ಈ ಹಟಕ್ಕೆ ಕಾರಣ ಒಳಗಿನ ಪದರಗಳು. ಒಂದನೇ ರೂಪದಲ್ಲಿ ಅಣುಗಳ ಪದರಗಳು ಅಂಕುಡೊಂಕಾಗಿ ಮಡಿಸಿಕೊಂಡಿವೆ. ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಜಾರುವುದೇ ಇಲ್ಲ. ಎರಡನೇ ರೂಪದಲ್ಲಿ ಪದರಗಳು ಚಪ್ಪಟೆ! ಒತ್ತಿದರೆ ಒಂದರ ಮೇಲೊಂದು ಸರ್ರನೆ ಜಾರಿ ಹೊಂದಿಕೊಳ್ಳುತ್ತವೆ. ಅಂಟು ಹೆಚ್ಚು ಬೇಡ, ಗಂಜಿ ಬೇಡ, ಒತ್ತಿದ ಕೂಡಲೇ ಗಟ್ಟಿ ಮಾತ್ರೆ! ಸಾಲದ್ದಕ್ಕೆ ನೀರಿನಲ್ಲೂ ಸ್ವಲ್ಪ ಬೇಗ ಕರಗುತ್ತದೆ.

ಹಾಗಾದರೆ ಎಲ್ಲರೂ ಎರಡನೇ ರೂಪವನ್ನೇ ಯಾಕೆ ಮಾಡಬಾರದು? ಒಳ್ಳೆಯ ಪ್ರಶ್ನೆ! ಅದು ಹುಟ್ಟುವುದೇ ಕಷ್ಟ. ಜಪಾನಿನ ವಿಜ್ಞಾನಿಗಳು 1974ರಲ್ಲೇ ಅದರ ರಚನೆಯನ್ನು ಪ್ರಕಟಿಸಿದ್ದರು. ಆದರೆ ಬೇರೆಯವರು ಅದೇ ಹರಳನ್ನು ದ್ರಾವಣದಿಂದ ಬೆಳೆಸಲು ಹೋದರೆ ಮತ್ತೆ ಮತ್ತೆ ಬಂದದ್ದು ಒಂದನೇ ರೂಪವೇ. ಕೈಗೆ ಸಿಕ್ಕೂ ಸಿಗದ ಹರಳು!

1998ರಲ್ಲಿ ಗ್ಯಾರಿ ನಿಕೋಲ್ಸ್ ಮತ್ತು ಕ್ರಿಸ್ಟೋಫರ್ ಫ್ರಾಂಪ್ಟನ್ ಎಂಬ ಇಬ್ಬರು ಉಪಾಯ ಹೂಡಿದರು. ಮೊದಲು ಪ್ಯಾರಾಸಿಟಮಾಲನ್ನು ಕಾಯಿಸಿ ಕರಗಿಸಿ, ಆ ಕರಗಿದ ರಸದಿಂದ ಎರಡನೇ ರೂಪದ ಚೂರುಗಳನ್ನು ಪಡೆದರು. ಆಮೇಲೆ ಮದ್ಯಸಾರದ ದ್ರಾವಣವನ್ನು ತಣ್ಣಗೆ ಮಾಡಿ ಅದಕ್ಕೆ ಈ ಚೂರುಗಳನ್ನು ಹಾಕಿದರು, ಥೇಟ್ ಹಾಲಿಗೆ ಹೆಪ್ಪು ಹಾಕಿದ ಹಾಗೆ! ಚೂರು ಯಾವ ರೂಪದ್ದೋ ಹೊಸ ಹರಳೂ ಅದೇ ರೂಪದ್ದು. ಆದರೆ ತಡಮಾಡುವಂತಿಲ್ಲ, ಬೇಗ ಬೇಗ ಸೋಸಿ ತೆಗೆಯಬೇಕು. ದ್ರಾವಣದಲ್ಲೇ ಬಿಟ್ಟರೆ ಎಲ್ಲವೂ ಸದ್ದಿಲ್ಲದೆ ಒಂದನೇ ರೂಪಕ್ಕೆ ಹೊರಳಿಬಿಡುತ್ತದೆ!

ಈಗ ಬಿಸಿಯ ಆಟ ನೋಡಿ. ನನಗೆ ಇದಕ್ಕಿಂತ ಚೆಂದದ ಪ್ರಯೋಗ ಇನ್ನೊಂದಿಲ್ಲ ಅನ್ನಿಸುತ್ತದೆ. ಶುದ್ಧ ಪ್ಯಾರಾಸಿಟಮಾಲನ್ನು ಕರಗಿಸಿ ಬೇಗ ತಣಿಸಿದರೆ ಅದು ಹರಳಾಗುವುದನ್ನೇ ಮರೆಯುತ್ತದೆ! ಅಣುಗಳು ಸಾಲು ಹಿಡಿಯುವ ಮೊದಲೇ ಎಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ. ಸಿಗುವುದು ಪಾರದರ್ಶಕ ಗಾಜು. ಹೌದು, ಜ್ವರದ ಮಾತ್ರೆಯ ಗಾಜು!

ಆ ಗಾಜು ಮೆತ್ತಗಾಗುವುದು ಎಷ್ಟು ಡಿಗ್ರಿಗೆ ಗೊತ್ತೇ? ಸುಮಾರು 25ಕ್ಕೆ! ಕಿಟಕಿಯ ಗಾಜು ಮೆತ್ತಗಾಗಲು 500 ಡಿಗ್ರಿಗೂ ಹೆಚ್ಚು ಬೇಕು, ಇದಕ್ಕೆ ನಮ್ಮ ಹವೆಯೇ ಸಾಕು. ಬೆಂಗಳೂರಿನ ಚಳಿಗಾಲದ ಬೆಳಗಿನಲ್ಲಿ ಅದು ಗಡುಸು ಗಾಜು. ರಾಯಚೂರಿನ ಬೇಸಿಗೆಯ ಮಧ್ಯಾಹ್ನದಲ್ಲಿ ಅದೇ ವಸ್ತು ಅಂಟಂಟು ದ್ರವ! (ಅಂಗಡಿಯ ಮಾತ್ರೆಗೆ ಇದರ ಭಯವಿಲ್ಲ. ಅದರಲ್ಲಿರುವುದು ಗಾಜಲ್ಲ, ಹರಳು. ಮನೆಯ ಒಲೆಯ ಮೇಲೆ ಮಾತ್ರೆ ಕರಗಿಸಲು ಮಾತ್ರ ಹೋಗಬೇಡಿ. ಮಾತ್ರೆಯಲ್ಲಿ ಬೇರೆ ಪದಾರ್ಥಗಳೂ ಇರುತ್ತವೆ.)

ಗಾಜನ್ನು ಇನ್ನೂ ಕಾಯಿಸುತ್ತಾ ಹೋಗಿ. ಕರಗುವ ಬದಲು ಅದು ಹರಳುಗಟ್ಟುತ್ತದೆ! ಕಾಯಿಸಿದರೆ ಗಟ್ಟಿಯಾಗುವ ವಸ್ತು! ತಣ್ಣಗಿದ್ದಾಗ ಅಲುಗಾಡಲು ಆಗದ ಅಣುಗಳಿಗೆ ಬಿಸಿ ತಾಕಿದ್ದೇ ಓಡಾಡಲು ಬಲ ಬರುತ್ತದೆ. ಓಡಾಡಿ ಓಡಾಡಿ ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು ಕಾಯಿಸಿದರಂತೂ ಮೊದಲು ಇನ್ನೊಂದು, ಅಂದರೆ ಮೂರನೇ ರೂಪ, ಇನ್ನಷ್ಟು ಬಿಸಿಗೆ ಅದು ಎರಡನೇ ರೂಪ, ಕೊನೆಗೆ ಸುಮಾರು 157 ಡಿಗ್ರಿಗೆ ಅದೂ ಕರಗಿ ನೀರು. ಒಂದೇ ಏರುದಾರಿಯಲ್ಲಿ ಎಷ್ಟೊಂದು ಅವತಾರ!

ಈ ಆಟವನ್ನು ಕಣ್ಣಾರೆ ನೋಡುವ ದಾರಿಯೂ ಇದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಲುಡ್ವಿಗ್ ಕೋಫ್ಲರ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕಕ್ಕೆ ಪುಟ್ಟ ಒಲೆಯನ್ನೇ ಜೋಡಿಸಿದ್ದರು! ಔಷಧದ ಚಿಟಿಕೆ ಪುಡಿ ಇಟ್ಟು, ಮೇಲೆ ತೆಳು ಗಾಜು ಮುಚ್ಚಿ, ಕಾಯಿಸುತ್ತಾ ನೋಡುವುದು. ಧ್ರುವೀಕೃತ ಬೆಳಕಿನಲ್ಲಿ ಹರಳುಗಳು ಬಣ್ಣ ಬಣ್ಣವಾಗಿ ಹೊಳೆಯುತ್ತವೆ. ಒಂದು ರೂಪ ಇನ್ನೊಂದನ್ನು ನುಂಗುತ್ತಾ ಮುನ್ನುಗ್ಗುವ ಗೆರೆ ಕಣ್ಣಿಗೇ ಕಾಣುತ್ತದೆ. ಬಿಳಿ ಪುಡಿಯೊಳಗೆ ಇಷ್ಟು ಬಣ್ಣ ಅಡಗಿದೆಯೆಂದು ಯಾರು ಅಂದುಕೊಂಡಾರು!

ಎಲ್ಲಕ್ಕಿಂತ ನಾಚಿಕೆ ಸ್ವಭಾವದ್ದು ಮೂರನೇ ರೂಪ. ಎರಡು ಗಾಜಿನ ನಡುವೆ ಬಚ್ಚಿಟ್ಟರೆ ಇರುತ್ತದೆ. ಮೇಲಿನ ಗಾಜು ಎತ್ತಿದಿರೋ, ಮಾಯ! ಎರಡನೇ ರೂಪಕ್ಕೆ ತಿರುಗಿಬಿಡುತ್ತದೆ. ಹೀಗೆ ಮುಟ್ಟಲೂ ಬಿಡದ ಹರಳಿನ ರಚನೆಯನ್ನು ಕಂಡುಹಿಡಿಯುವುದು ಹೇಗೆ?

ಉತ್ತರ ಬಂದದ್ದು 2009ರಲ್ಲಿ, ಅದೂ ಕಂಪ್ಯೂಟರ್ ನೆರವಿನಿಂದ! ಈ ಅಣುಗಳು ಯಾವ ಯಾವ ರೀತಿಯಲ್ಲಿ ಕೂರಬಹುದು ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಪಟ್ಟಿ ಕೊಟ್ಟಿತು. ಪುಡಿಯ ಮೇಲೆ ಎಕ್ಸ್-ರೇ ಹಾಯಿಸಿದಾಗ ಸಿಕ್ಕ ಗುರುತುಗಳನ್ನು ಆ ಪಟ್ಟಿಯ ಜೊತೆ ತಾಳೆ ನೋಡಿದರು. ಒಂದು ಸರಿಯಾಗಿ ಕೂತಿತು. ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳು ಒಂದೂ ಇಲ್ಲದೆ ಕಳ್ಳ ಸಿಕ್ಕಿಬಿದ್ದ!

ಮೂರಕ್ಕೇ ಮುಗಿಯಿತು ಅಂದುಕೊಂಡಿರಾ? ಇಲ್ಲ! ಎರಡು ವಜ್ರಗಳ ಮೊನೆಗಳ ನಡುವೆ ಇಟ್ಟು ಹಿಂಡಿದರೆ ಪ್ಯಾರಾಸಿಟಮಾಲ್ ಇನ್ನೂ ಬೇರೆ ವೇಷ ಹಾಕುತ್ತದೆ. ಕರಗಿದ ರಸದಿಂದಲೇ ಹರಳು ಬೆಳೆಸುತ್ತಾ ಹೋದ ವಿಜ್ಞಾನಿಗಳು 2019ರಲ್ಲಿ ಏಳನೇ ಮತ್ತು ಎಂಟನೇ ರೂಪಗಳನ್ನು ವರದಿ ಮಾಡಿದರು. ನೂರು ವರ್ಷಕ್ಕೂ ಹಳೆಯ ಔಷಧದಲ್ಲಿ ಇನ್ನೂ ಹೊಸತು ಹುಟ್ಟುತ್ತಲೇ ಇದೆ!

ಕಾಯಿಸಿದರೆ ವಸ್ತುಗಳು ಹಿಗ್ಗುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಪ್ಯಾರಾಸಿಟಮಾಲ್ ಹರಳು ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ! ಅಣುಗಳು ಎಲ್ಲಿ ಬಿಗಿಯಾಗಿ ಕೈ ಹಿಡಿದಿವೆಯೋ ಅಲ್ಲೊಂದು ಲೆಕ್ಕ, ಎಲ್ಲಿ ಸಡಿಲವೋ ಅಲ್ಲೇ ಇನ್ನೊಂದು ಲೆಕ್ಕ.

ತಣ್ಣನೆಯ ನೀರಿನಿಂದ ಹರಳು ಮಾಡಿದರೆ ಪ್ಯಾರಾಸಿಟಮಾಲ್ ನೀರನ್ನೂ ಒಳಗೆ ಕರೆದುಕೊಳ್ಳಬಲ್ಲದು. ಒಂದು ಔಷಧದ ಅಣುವಿಗೆ ಮೂರು ನೀರಿನ ಅಣು! ಎಣಿಕೆಯಲ್ಲಿ ನೀರೇ ಹೆಚ್ಚು!

ಈ ಔಷಧ ಮೊದಲು ತಯಾರಾದದ್ದು 1878ರಲ್ಲಿ, ಅಮೆರಿಕದ ಹಾರ್ಮನ್ ನಾರ್ತ್ರಪ್ ಮೋರ್ಸ್ ಎಂಬ ರಸಾಯನ ವಿಜ್ಞಾನಿಯ ಕೈಯಲ್ಲಿ. ಆದರೆ ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಅದರ ಬಳಗದ ಅಸಿಟನಿಲೈಡ್ ಎಂಬ ವಸ್ತು ಮುಂದೆ ಬಂತು, ಅದೂ ಒಂದು ಎಡವಟ್ಟಿನಿಂದ! 1886ರಲ್ಲಿ ಸ್ಟ್ರಾಸ್‌ಬರ್ಗ್‌ನ ಇಬ್ಬರು ವೈದ್ಯರು ರೋಗಿಗೆ ಕೊಡಲು ನ್ಯಾಫ್ತಲೀನ್ ತರಿಸಿದ್ದರು. ಬಂದದ್ದು ತಪ್ಪು ವಸ್ತು. ರೋಗಿಯ ಜ್ವರ ಮಾತ್ರ ಇಳಿದುಬಿಟ್ಟಿತು! ಅಸಿಟನಿಲೈಡ್ ಮೈಯೊಳಗೆ ಹೋಗಿ ಪ್ಯಾರಾಸಿಟಮಾಲ್ ಆಗಿಯೇ ಕೆಲಸ ಮಾಡುತ್ತದೆ ಎಂದು ಬ್ರಾಡಿ ಮತ್ತು ಆಕ್ಸೆಲ್‌ರಾಡ್ ಎಂಬ ವಿಜ್ಞಾನಿಗಳು ತೋರಿಸಿದ್ದು 1948ರಲ್ಲಿ. ನಿಜವಾದ ನಾಯಕ 70 ವರ್ಷ ಪರದೆಯ ಹಿಂದೆಯೇ ನಿಂತಿದ್ದ!

ಈಗ ಆಸ್ಪಿರಿನ್ ಸರದಿ. 1897ರಲ್ಲಿ ಬೇಯರ್ ಕಂಪನಿಯಲ್ಲಿ ಶುದ್ಧವಾಗಿ ತಯಾರಾದ ಈ ಮಾತ್ರೆಯನ್ನು ಜಗತ್ತು ನೂರು ವರ್ಷ ನುಂಗಿತು. ಅದಕ್ಕೆ ಎರಡನೇ ಹರಳು ರೂಪ ಇದೆಯೆಂದು ಖಚಿತವಾಗಿ ಯಾರಿಗೂ ಗೊತ್ತಿರಲಿಲ್ಲ! 2004ರಲ್ಲಿ ಲಂಡನ್ನಿನ ಸಾರಾ ಪ್ರೈಸ್ ಅವರ ತಂಡ ಕಂಪ್ಯೂಟರ್ ಲೆಕ್ಕದಿಂದ ಹೀಗೊಂದು ಇರಬಹುದು ಎಂದಿತು. ಮರುವರ್ಷವೇ ಅಮೆರಿಕದಲ್ಲಿ ಅದು ಸಿಕ್ಕಿತು ಎಂಬ ಸುದ್ದಿ!

ಸುದ್ದಿಯ ಮೇಲೆ ಜಗಳವೂ ಆಯಿತು. 2007ರಲ್ಲಿ ಆಂಡ್ರ್ಯೂ ಬಾಂಡ್, ರೋಲಂಡ್ ಬೋಸೆ ಮತ್ತು ನಮ್ಮ ದೇಶದ ಗೌತಮ್ ದೇಸಿರಾಜು ಸೇರಿ ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು. ಆಸ್ಪಿರಿನ್‌ನ ಒಂದೇ ಹರಳಿನೊಳಗೆ ಎರಡೂ ರೂಪಗಳು ಹೆಣೆದುಕೊಂಡು ಬೆಳೆಯಬಲ್ಲವು! ಒಂದು ಹರಳು, ಒಳಗೆ ಇಬ್ಬರ ಸಂಸಾರ!

ದೇಸಿರಾಜು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟದ ಅಧ್ಯಕ್ಷರೂ ಆದರು. 2011ರಲ್ಲಿ ಅವರೂ ಅದೇ ಸಂಸ್ಥೆಯ ರಾಮಮೂರ್ತಿ ಅವರೂ ಜೊತೆಗಾರರೊಂದಿಗೆ ಆಸ್ಪಿರಿನ್ ಹರಳುಗಳನ್ನು ಅತಿ ಸಣ್ಣ ವಜ್ರದ ಮೊನೆಯಿಂದ ಚುಚ್ಚಿ ನೋಡಿದರು. ಎರಡನೇ ರೂಪ ಮೊದಲನೆಯದಕ್ಕಿಂತ ಮೆದು ಎಂದು ಗೊತ್ತಾಯಿತು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಆ ಸಂಸ್ಥೆಯ ಮರಗಳ ನೆರಳಿನಲ್ಲಿ ಮಾತ್ರೆಯ ಹರಳಿಗೂ ನಾಡಿ ಪರೀಕ್ಷೆ!

ಹಳೆಯ ಆಸ್ಪಿರಿನ್ ಡಬ್ಬಿ ತೆರೆದರೆ ವಿನೆಗರ್ ವಾಸನೆ ಬರುವುದುಂಟು. ಗಾಳಿಯ ತೇವಕ್ಕೆ ಆಸ್ಪಿರಿನ್ ಒಡೆದು ವಿನೆಗರಿನ ಆಮ್ಲವೇ ಹೊರಬರುತ್ತದೆ! ಬಿಸಿಗಂತೂ ಅದು ಇನ್ನೂ ಸೂಕ್ಷ್ಮ. ಕರಗುವುದು ಸುಮಾರು 135 ಡಿಗ್ರಿಗೆ. ಆದರೆ ಕರಗುತ್ತಾ ಕರಗುತ್ತಾ ಒಡೆದೂ ಹೋಗುತ್ತದೆ. ಹಾಗಾಗಿ ಬೇಗ ಕಾಯಿಸಿದರೆ ಒಂದು ಅಂಕಿ, ನಿಧಾನ ಕಾಯಿಸಿದರೆ ಇನ್ನೊಂದು!

ಐಬುಪ್ರೊಫೆನ್ ಗೊತ್ತಲ್ಲ? ಅದರ ಅಣುವಿಗೆ ಎಡಗೈ-ಬಲಗೈ ಭೇದವಿದೆ. ಎರಡೂ ಸಮ ಬೆರೆತ ಸಾಮಾನ್ಯ ಪುಡಿ ಕರಗುವುದು ಸುಮಾರು 76 ಡಿಗ್ರಿಗೆ. ಒಂದೇ ಕೈಯವನ್ನು ಆರಿಸಿ ಹರಳು ಮಾಡಿದರೆ ಸುಮಾರು 52ಕ್ಕೇ ನೀರು! ಜೋಡಿಯಾಗಿದ್ದರೆ ಗಟ್ಟಿ, ಒಂಟಿಯಾದರೆ ಸಡಿಲ!

ಇಷ್ಟಕ್ಕೇ ಬೆರಗಾದಿರಾ? ಐಬುಪ್ರೊಫೆನ್‌ನ ಎರಡನೇ ರೂಪವೊಂದಿದೆ. 2008ರಲ್ಲಿ ವರದಿಯಾದ ಅದು ಕರಗುವುದು 17 ಡಿಗ್ರಿಗೆ! ನಮ್ಮೂರಿನ ಮನೆಗಳಲ್ಲಿ ಅದನ್ನು ಹರಳಾಗಿ ನೋಡಬೇಕೆಂದರೆ ಫ್ರಿಜ್ಜಿನೊಳಗೇ ಇಡಬೇಕು! ಕಡಿಮೆ ಬಿಸಿಗೇ ಕರಗುವ ಗುಣದಿಂದ ಸಾಮಾನ್ಯ ಐಬುಪ್ರೊಫೆನ್ ಪುಡಿಯೂ ಮಾತ್ರೆ ಒತ್ತುವ ಯಂತ್ರದ ಅಚ್ಚಿಗೆ ಅಂಟಿಕೊಂಡು ಕಾಟ ಕೊಡುತ್ತದೆ. ಐಬುಪ್ರೊಫೆನ್ ಕಂಡುಹಿಡಿದ ಇಂಗ್ಲೆಂಡಿನ ಸ್ಟೀವರ್ಟ್ ಆಡಮ್ಸ್, ಕುಡಿತದ ಮರುದಿನ ಭಾಷಣಕ್ಕೆ ಮುಂಚೆ ತಲೆನೋವಿಗೆ ತಾನೇ ಅದನ್ನು ನುಂಗಿ ನೋಡಿದ್ದರು!

ಇನ್ನೂ ಹೆಚ್ಚು ಅವತಾರ ಬೇಕೇ? ನೋವು-ಊತಕ್ಕೆ ಕೊಡುವ ಫ್ಲುಫೆನಾಮಿಕ್ ಆಮ್ಲಕ್ಕೆ ಒಂಬತ್ತು ರೂಪಗಳೆಂದು 2012ರಲ್ಲಿ ಲೆಕ್ಕ ಸಿಕ್ಕಿತು. ಅದೇ ಬಳಗದ ಟೋಲ್ಫೆನಾಮಿಕ್ ಆಮ್ಲದ ಒಂದು ರೂಪ ಬಿಳಿ, ಇನ್ನೊಂದು ಹಳದಿ! ಬಣ್ಣ ಬೆರೆಸಿದವರಿಲ್ಲ, ಕೂತ ಕ್ರಮದ್ದೇ ಬಣ್ಣ!

ಕೀಲುನೋವಿಗೆ ಕೊಡುವ ಪಿರಾಕ್ಸಿಕಾಮ್ ಇನ್ನೂ ತಮಾಷೆ. ಅದರ ಬಣ್ಣವಿಲ್ಲದ ಹರಳನ್ನು ಕಲ್ಲಿನಲ್ಲಿ ಚೆನ್ನಾಗಿ ಅರೆಯಿರಿ. ಹಳದಿಯಾಗುತ್ತದೆ! ಅರೆಯುವಾಗ ಹರಳಿನ ಶಿಸ್ತು ಮುರಿದು, ಒಂದು ಪ್ರೋಟಾನ್ ಜಾಗ ಬದಲಿಸುವುದೇ ಇದಕ್ಕೆ ಕಾರಣ. ಏನೂ ಸೇರಿಸದೆ, ಬರೀ ಅರೆದದ್ದಕ್ಕೇ ಅರಿಶಿನದ ಬಣ್ಣ!

ಇದೆಲ್ಲ ಬರೀ ಸೋಜಿಗ ಅಂದುಕೊಳ್ಳಬೇಡಿ. ಒಮ್ಮೆ ಇದು ಪ್ರಾಣಕ್ಕೇ ಸಂಚಕಾರ ತಂದಿತ್ತು. ರಿಟೋನಾವಿರ್ ನೋವಿನ ಮಾತ್ರೆಯಲ್ಲ, ಎಚ್‌ಐವಿ ಔಷಧ. ಅಬಾಟ್ ಕಂಪನಿ ಅದನ್ನು 1996ರಲ್ಲಿ ಮಾರುಕಟ್ಟೆಗೆ ತಂದಿತು. 1998ರಲ್ಲಿ ಇದ್ದಕ್ಕಿದ್ದಂತೆ ಕ್ಯಾಪ್ಸೂಲುಗಳು ಪರೀಕ್ಷೆಯಲ್ಲಿ ಸರಿಯಾಗಿ ಕರಗದೆ ನಪಾಸಾದವು. ನೋಡಿದರೆ, ಯಾರೂ ಕಂಡಿರದ ಹೊಸ ಹರಳು! ಹಳೆಯದಕ್ಕಿಂತ ಸ್ಥಿರ, ಆದರೆ ಕರಗುವುದು ತೀರಾ ಕಡಿಮೆ. ಕರಗದಿದ್ದರೆ ಔಷಧ ರಕ್ತ ಸೇರುವುದು ಹೇಗೆ?

ಮುಂದಿನದು ಮೈ ಜುಮ್ಮೆನ್ನಿಸುತ್ತದೆ. ಆ ಹರಳಿನ ಕಣ್ಣಿಗೆ ಕಾಣದ ಚೂರು ಬಿದ್ದಲ್ಲೆಲ್ಲ ಹೊಸ ರೂಪವೇ ಬೆಳೆಯತೊಡಗಿತು. ಇಟಲಿಯ ಕಾರ್ಖಾನೆಗೆ ಅಮೆರಿಕದ ತಂಡ ಹೋಗಿ ಬಂದ ಮೇಲೆ ಅಲ್ಲೂ ಅದು ಕಾಣಿಸಿಕೊಂಡಿತು! ಕೆಲಕಾಲ ಹಳೆಯ ಹರಳು ಮಾಡಲು ಆಗಲಿಲ್ಲ. ಕ್ಯಾಪ್ಸೂಲ್ ನಿಂತಿತು, ರೋಗಿಗಳು ಬಾಯಿಗೆ ಕೆಟ್ಟ ರುಚಿಯ ದ್ರವ ಔಷಧ ಕುಡಿಯಬೇಕಾಯಿತು. ಹೊಸ ರೀತಿಯ ಕ್ಯಾಪ್ಸೂಲ್ ಬಂದಾಗ ಅದನ್ನು ಫ್ರಿಜ್ಜಿನಲ್ಲೇ ಇಡಬೇಕಾಗಿತ್ತು. ಒಂದು ಹರಳು ಸಾವಿರಾರು ರೋಗಿಗಳ ಜೀವದ ಜೊತೆ ಆಟವಾಡಿದ ಈ ಕಥೆ ಔಷಧ ಲೋಕ ಎಂದೂ ಮರೆಯಬಾರದ್ದು.

ಶಿಕಾಗೋದ ಸೂಕ್ಷ್ಮದರ್ಶಕ ಪಂಡಿತ ವಾಲ್ಟರ್ ಮೆಕ್‌ಕ್ರೋನ್ 1965ರಲ್ಲೇ ಒಂದು ಮಾತು ಬರೆದಿದ್ದರು. ಯಾವುದೇ ವಸ್ತುವಿಗೆ ಎಷ್ಟು ರೂಪ ಸಿಗುತ್ತದೆ ಎಂಬುದು ಅದರ ಹುಡುಕಾಟಕ್ಕೆ ಸುರಿದ ಸಮಯ ಮತ್ತು ಹಣಕ್ಕೆ ತಕ್ಕ ಹಾಗೆ ಎಂದು! ಹುಡುಕದವರಿಗೆ ಒಂದೇ, ಹುಡುಕಿದವರಿಗೆ ಎಂಟು!

ಒಂದೇ ವಸ್ತುವಿಗೆ ಹಲವು ಹರಳು ಎಂಬ ಈ ಸೋಜಿಗವನ್ನು ಮೊದಲು ಕಂಡವರಲ್ಲಿ ವೋಲರ್ ಮತ್ತು ಲೀಬಿಗ್ ಎಂಬ ರಸಾಯನ ವಿಜ್ಞಾನಿಗಳು ಸೇರಿದ್ದಾರೆ. 1832ರಲ್ಲಿ ಬೆಂಜಮೈಡ್ ಎಂಬ ವಸ್ತುವಿನ ಬಿಸಿ ದ್ರಾವಣ ತಣಿಯುವಾಗ ರೇಷ್ಮೆಯಂಥ ಸೂಜಿಗಳು ಮೂಡಿದವು. ಹಾಗೇ ಬಿಟ್ಟು ಮತ್ತೆ ನೋಡಿದರೆ ಸೂಜಿಗಳಿಲ್ಲ, ದಪ್ಪ ಹರಳುಗಳಿವೆ! ಆ ಸೂಜಿಗಳ ಒಳರಚನೆ ಗೊತ್ತಾಗಲು 170 ವರ್ಷಕ್ಕೂ ಹೆಚ್ಚು ಬೇಕಾಯಿತು!

ಬಿಸಿಯೇ ಇಲ್ಲದೆ ಹರಳು ಕರಗಿಸಬಹುದೇ? ಕರಗಿಸಬಹುದು! ಚರ್ಮ ಮರಗಟ್ಟಿಸುವ ಲಿಡೊಕೇನ್ ಕರಗುವುದು ಸುಮಾರು 68 ಡಿಗ್ರಿಗೆ, ಪ್ರೈಲೊಕೇನ್ ಸುಮಾರು 38ಕ್ಕೆ. ಎರಡನ್ನೂ ಸಮ ಬೆರೆಸಿದರೆ 18 ಡಿಗ್ರಿಯ ತಂಪಿನಲ್ಲೇ ದ್ರವ! ಮಕ್ಕಳಿಗೆ ಸೂಜಿ ಚುಚ್ಚುವ ಮೊದಲು ಹಚ್ಚುವ ಎಮ್ಲಾ ಮುಲಾಮು ಇದೇ ಗುಟ್ಟಿನ ಮೇಲೆ ನಿಂತಿದೆ. ಒಂದರ ಅಣು ಇನ್ನೊಂದರ ಸಾಲಿಗೆ ಅಡ್ಡ ಬಂದು, ಇಬ್ಬರಿಗೂ ಹರಳಾಗಲು ಬಿಡುವುದಿಲ್ಲ.

ಹಲ್ಲುನೋವು, ತಲೆನೋವಿಗೆ ಹಚ್ಚುವ ಅಮೃತಧಾರೆಯಲ್ಲೂ ಇದೇ ಆಟ! ಓಮಿನ ಸತ್ವ, ಪುದೀನ ಸತ್ವ, ಕರ್ಪೂರ. ಮೂರೂ ಗಟ್ಟಿ ಹರಳುಗಳು. ಮೂರನ್ನೂ ಒಂದು ಶೀಷೆಗೆ ಹಾಕಿ, ಬಿರಟೆ ಬಿಗಿದು, ಕುಲುಕಿ ಇಡಿ. ಒಲೆ ಬೇಡ, ಹನಿ ನೀರೂ ಬೇಡ. ಸ್ವಲ್ಪ ಹೊತ್ತಿಗೆ ಮೂರೂ ಕರಗಿ ತಿಳಿಯಾದ ಎಣ್ಣೆ!